ಬಿಸಿಲ ನಾಡಿನಲ್ಲಿ ಚಳಿ ಹಿಡಿದವರು

ಏಪ್ರಿಲ್ ತಿಂಗಳ ಬಿಸಿಲು ಹುನಗುಂದ ಸೀಮೆಯಲ್ಲಿ ಹೇಗಿರುತ್ತದೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಅಂಥದೊಂದು ಮಧ್ಯಾಹ್ನ ಮರೋಳದ ಕಡೆಯ ಒಬ್ಬ ಹೆಣ್ಣುಮಗಳು ತಮ್ಮನನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ತಮ್ಮ ನೂಲಿನ ಗಿರಣಿಯ ಕಾಮಗಾರ. ಅವನ ಬಾಕಿ ಪಗಾರದ ಅರ್ಜಿ ಬರೆಸುವುದು ಬಂದ ಕೆಲಸ. ಅರ್ಜಿ ಬರೆಯುತ್ತಿದ್ದಾಗ ಆಕೆ ಪಂಖದ ಕೆಳಗಿನಿಂದ ಎದ್ದು ಗೋಡೆಯ ಪಕ್ಕಕ್ಕೆ ಸರಿದು, ಸೆರಗನ್ನು ಮೈತುಂಬ ಎರಡು ಸುತ್ತು ಹೊದ್ದು ಕುಳಿತರು.

"ಯಾಕವ್ವಾ, ಮೈಯಾಗ ಹುಷಾರಿಲ್ಲೇನು?" ಎಂದು ಕೇಳಿದೆವು.

"ಥಂಡಿ ಹತ್ತತೈತ್ರೀ ಅಣ್ಣಾರ. ಎರಡು ವರ್ಷ ಆತು. ಥರ್ಮಾಮೀಟರ್ ಇಟ್ರ 96 ತೋರಸ್ತೈತಿ. ಜ್ವರಾ ಇಲ್ಲ, ಏನೂ ಇಲ್ಲ, ಮನಿಗೆ ಹೋಗು ಅಂತಾರ."

ತಮ್ಮ ಮಾತು ಸೇರಿಸಿದ: "ರಕ್ತ ಕಡಿಮಿ ಐತಂತ ಕಬ್ಬಿಣದ ಗುಳಿಗಿ ಮೂರು ಸಲ ಕೊಟ್ಟಾರ್ರೀ. ನುಂಗಿದ್ದಷ್ಟ ಬಂತು. ರಕ್ತ ಏರವಲ್ದು."

ಅರ್ಜಿಯ ಮಾತು ಅರ್ಜಿಗಾಯಿತು. ಈ ಕೊನೆಯ ಮಾತು ಮಾತ್ರ ನಮ್ಮನ್ನು ಬಿಡಲಿಲ್ಲ. ಜ್ವರ ಏರಿದವನಿಗೆ ರಜೆಯುಂಟು, ಗುಳಿಗೆಯುಂಟು, ಮನೆಯವರ ಮರುಕವುಂಟು. ಮೈಯ ಬಿಸಿ ಇಳಿದವನಿಗೆ ಏನುಂಟು? ಮಗ್ಗದ ಮನೆಯಲ್ಲಿ ಅವನು ಮೈಗಳ್ಳ. ಮನೆಯಲ್ಲಿ ಅವನದು "ಶೀತದ ಮೈ". ದವಾಖಾನೆಯಲ್ಲಿ ಅವನು ಏನೂ ಆಗದವನು. ದುಡಿಯುವ ಜನರ ದಣಿವನ್ನು ಕಾಯಿಲೆಯೆಂದು ಒಪ್ಪಿಕೊಳ್ಳುವುದಕ್ಕೆ ನಮ್ಮ ಸಮಾಜ ಯಾವಾಗಲೂ ಹಿಂದೇಟು ಹಾಕಿದೆ. ಹೆಣ್ಣುಮಕ್ಕಳ ದಣಿವನ್ನಂತೂ ಕೇಳುವವರೇ ಇಲ್ಲ.

ಮೊದಲಿಗೆ ಒಂದು ಮಾತು, ಯಾರೂ ಗಾಬರಿಯಾಗಬಾರದೆಂದು. ಮನುಷ್ಯನ ಮೈಬಿಸಿ 98.6 ಡಿಗ್ರಿ ಫ್ಯಾರನ್‌ಹೀಟ್ ಎಂಬ ಅಂಕಿಯನ್ನು ಊರ್ಜಿತಕ್ಕೆ ತಂದವನು ಜರ್ಮನಿಯ ವುಂಡರ್‌ಲಿಖ್ ಎಂಬ ವೈದ್ಯ, 1868ರಲ್ಲಿ. ಅದು ಕಲ್ಲಿನ ಮೇಲೆ ಕೊರೆದ ಅಂಕಿಯೇನೂ ಅಲ್ಲ. 2020ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ನೂರೈವತ್ತು ವರ್ಷಗಳ ದಾಖಲೆಗಳನ್ನು ಕೂಡಿಸಿ ನೋಡಿದಾಗ ಅಲ್ಲಿಯ ಜನರ ಸರಾಸರಿ ಮೈಬಿಸಿ 98ಕ್ಕಿಂತಲೂ ತುಸು ಕೆಳಗೆ ಇಳಿದಿರುವುದು ಕಂಡಿತು. ಬೆಳಗಿನ ಜಾವ ಕಡಿಮೆ, ಸಂಜೆಗೆ ಹೆಚ್ಚು. ನಾಲಗೆಯ ಕೆಳಗೆ ಇಟ್ಟರೆ ಒಂದು ಅಂಕಿ, ಬಗಲಲ್ಲಿ ಇಟ್ಟರೆ ಅದಕ್ಕಿಂತ ಕಡಿಮೆ. ಆದ್ದರಿಂದ ಥರ್ಮಾಮೀಟರು 96 ಅಥವಾ 97 ತೋರಿಸಿತೆಂದಮಾತ್ರಕ್ಕೆ ಅದು ರೋಗವಲ್ಲ. 95ಕ್ಕಿಂತ ಕೆಳಗಿಳಿದರೆ ಮಾತ್ರ ಅಪಾಯ, ಆಗ ತಡಮಾಡದೆ ದವಾಖಾನೆಗೆ ಒಯ್ಯಬೇಕು. ನಾವು ಹೇಳುತ್ತಿರುವುದು ಬೇರೆಯವರ ಸಂಗತಿ. ಅಂಕಿ ತುಸು ಕಡಿಮೆ, ಅದರ ಜೊತೆಗೆ ತಿಂಗಳುಗಟ್ಟಲೆ ಚಳಿ, ಸುಸ್ತು, ಮುಖ ಬಿಳಿಚಿಕೊಳ್ಳುವುದು, ಕೈಕಾಲು ತಣ್ಣಗಾಗುವುದು, ಇವೆಲ್ಲ ಒಟ್ಟಿಗೆ ಬಂದವರ ಸಂಗತಿ.

ಮೈಯ ಬಿಸಿ ಬರುವುದು ಉಂಡ ಅನ್ನದಿಂದ. ಅನ್ನ ಉರಿಯುವುದಕ್ಕೆ ಪ್ರಾಣವಾಯು ಬೇಕು, ಅದನ್ನು ಹೊತ್ತು ತಿರುಗುವುದು ರಕ್ತ, ರಕ್ತಕ್ಕೆ ಬೇಕಾದದ್ದು ಕಬ್ಬಿಣದ ಅಂಶ. ಉರಿ ಎಷ್ಟಿರಬೇಕೆಂದು ಗೊತ್ತು ಮಾಡುವುದು ಕೊರಳಿನ ಥೈರಾಯ್ಡ್ ಗ್ರಂಥಿ. ಬಾಯ್ಲರ್ ನೋಡಿಕೊಳ್ಳುವ ಕಾಮಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಸೌದೆಯಿದ್ದೂ ಗಾಳಿ ಸಾಲದಿದ್ದರೆ, ಅಥವಾ ವಾಲ್ವ್ ತಿರುಗಿಸುವವನೇ ನಿದ್ದೆ ಹೋದರೆ, ಒಲೆ ಆರುತ್ತದೆ. 1990ರಲ್ಲಿ ಅಮೆರಿಕದ ಸಂಶೋಧಕರು ಕಬ್ಬಿಣದ ಕೊರತೆಯ ರಕ್ತಹೀನತೆಯಿದ್ದ ಹೆಂಗಸರನ್ನೂ ಆರೋಗ್ಯವಂತ ಹೆಂಗಸರನ್ನೂ ತಣ್ಣನೆಯ ನೀರಿನಲ್ಲಿ ಕೂಡಿಸಿ ಪರೀಕ್ಷಿಸಿದ್ದರು. ರಕ್ತಹೀನರ ಮೈಬಿಸಿ ಹೆಚ್ಚು ಇಳಿಯಿತು, ಅವರ ಥೈರಾಯ್ಡ್ ರಸವೂ ಕಡಿಮೆಯಿತ್ತು. "ಚಳಿ ಹತ್ತತೈತಿ" ಎಂಬ ಬಡ ಹೆಂಗಸಿನ ಮಾತು ಕುಂಟುನೆಪವಲ್ಲ ಎಂಬುದಕ್ಕೆ ಇಷ್ಟು ಸಾಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಇವರಲ್ಲಿ ಬಹುಪಾಲು ಜನರ ಕಾಯಿಲೆಗೆ ಕಾರಣ ಬಡತನದ ಊಟ, ಮೇಲಿಂದ ಮೇಲೆ ಬಾಣಂತನ, ಮುಟ್ಟಿನ ಸ್ರಾವ, ಬರಿಗಾಲಿನಲ್ಲಿ ಓಡಾಡುವುದರಿಂದ ಬರುವ ಕೊಕ್ಕೆಹುಳು. ಇಂಥವರಿಗೆ ಕಬ್ಬಿಣದ ಗುಳಿಗೆ, ಜಂತಿನ ಗುಳಿಗೆ, ಸೊಪ್ಪು-ಕಾಳು-ಮೊಟ್ಟೆ ನಾಟುತ್ತವೆ. (ಗುಳಿಗೆಯನ್ನು ಚಹದ ಜೊತೆ ನುಂಗಬೇಡಿರಿ. ಚಹ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಮ್ಮಲ್ಲಿ ಬಹಳ ಮಂದಿ ಮಾಡುವ ತಪ್ಪು ಇದೇ.) ಥೈರಾಯ್ಡ್ ಕುಂದಿದ್ದರೆ ಅದಕ್ಕೊಂದು ರಕ್ತಪರೀಕ್ಷೆ, ದಿನಕ್ಕೊಂದು ಗುಳಿಗೆ.

ಇಷ್ಟೆಲ್ಲ ಮಾಡಿಯೂ ರಕ್ತ ಏರದಿದ್ದರೆ? ಆಗ ಕೇಳಬೇಕಾದ ಮುಖ್ಯ ಪ್ರಶ್ನೆಗಳು ಎರಡು: ರಕ್ತ ಎಲ್ಲಿಯಾದರೂ ಸೋರುತ್ತಿದೆಯೇ, ಅಥವಾ ನುಂಗಿದ್ದು ಮೈಗೆ ಹತ್ತುತ್ತಲೇ ಇಲ್ಲವೇ? ಈ ಎರಡನೆಯ ಪ್ರಶ್ನೆಯನ್ನು ನಮ್ಮ ಕಡೆ ಕೇಳುವವರು ಕಡಿಮೆ. ಅದರ ಉತ್ತರಗಳಲ್ಲಿ ಒಂದು, ಸೀಲಿಯಾಕ್ ಎಂಬ ಕರುಳಿನ ರೋಗ.

ಹೆಸರು ಪರದೇಶದ್ದಾದರೂ ವಿಷಯ ನಮ್ಮ ಅಡಿಗೆಮನೆಯದೇ. ಗೋಧಿಹಿಟ್ಟನ್ನು ತಣ್ಣೀರು ಹಾಕಿ ನಾದಿದರೂ ಜಿಗಿ ಬರುತ್ತದೆ, ಎಳೆದರೆ ಎಳೆಯುತ್ತದೆ, ಲಟ್ಟಣಿಗೆಯಲ್ಲಿ ಲಟ್ಟಿಸಬಹುದು. ಜೋಳದ ಹಿಟ್ಟಿಗೆ ಆ ಜಿಗಿಯಿಲ್ಲ. ಅದಕ್ಕೇ ನಮ್ಮ ತಾಯಂದಿರು ಕುದಿಯುವ ಎಸರು ಹೊಯ್ದು ನಾದುತ್ತಾರೆ, ಅದಕ್ಕೇ ರೊಟ್ಟಿಯನ್ನು ಲಟ್ಟಿಸದೆ ಕೈಯಿಂದ ಬಡಿಯುತ್ತಾರೆ. ಗೋಧಿಯ ಆ ಜಿಗಿಗೆ ವೈದ್ಯರು ಇಟ್ಟ ಹೆಸರು ಗ್ಲುಟೆನ್. ಅಂಥದೇ ಅಂಶ ಬಾರ್ಲಿಯಲ್ಲೂ ಉಂಟು. ಕೆಲವರ ಮೈಗೆ ಈ ಗ್ಲುಟೆನ್ ಹಗೆಯಾಗಿ ಕಾಣುತ್ತದೆ. ಮೈ ಅದರ ಮೇಲೆ ಕಾದಾಟಕ್ಕೆ ನಿಂತು ತನ್ನ ಸಣ್ಣ ಕರುಳನ್ನೇ ತಾನು ಗಾಯಮಾಡಿಕೊಳ್ಳುತ್ತದೆ. ಒಳ್ಳೆಯ ಕರುಳಿನ ಒಳಮೈ ಟರ್ಕಿ ಟವೆಲ್ಲಿನಂತೆ ಗುಂಜುಗುಂಜಾಗಿದ್ದು ಅನ್ನದ ಸಾರವನ್ನು ಹೀರುತ್ತದೆ. ಸೀಲಿಯಾಕ್ ಆದವರಲ್ಲಿ ಆ ಗುಂಜು ಸವೆದು ಹಳೆಯ ಪಂಜೆಯಂತೆ ನುಣ್ಣಗಾಗುತ್ತದೆ. ಕಬ್ಬಿಣ ಹತ್ತದು, ಸುಣ್ಣದ ಅಂಶ ಹತ್ತದು, ಕೊಬ್ಬು ಹತ್ತದು. ಕೆಲವರಿಗೆ ಹೊಟ್ಟೆಯುಬ್ಬರ, ಭೇದಿ, ತೂಕ ಇಳಿಯುವುದು, ಬಾಯಿಹುಣ್ಣು. ಮಕ್ಕಳಿಗೆ ಬೆಳವಣಿಗೆ ನಿಲ್ಲುತ್ತದೆ. ಇನ್ನು ಕೆಲವರಿಗೆ ಹೊಟ್ಟೆಯ ತಕರಾರೇ ಇರುವುದಿಲ್ಲ, ಏರದ ರಕ್ತವೊಂದೇ ಕುರುಹು. ಈ ರೋಗವಿದ್ದವರಲ್ಲಿ ಥೈರಾಯ್ಡ್ ಕುಂದುವುದೂ ಮಿಕ್ಕವರಿಗಿಂತ ಹೆಚ್ಚು. ರಕ್ತವೂ ಕಡಿಮೆ, ಥೈರಾಯ್ಡೂ ಕಡಿಮೆ, ಮೈಯಲ್ಲಿ ಮಾಂಸವೂ ಕಡಿಮೆ ಎಂದಾಗ ಮೈಯ ಬಿಸಿ ಎಲ್ಲಿಂದ ಬರಬೇಕು? ಸೀಲಿಯಾಕ್ ನೇರವಾಗಿ ಮೈಯನ್ನು ತಣ್ಣಗೆ ಮಾಡುತ್ತದೆಂದು ನಾವು ಹೇಳುತ್ತಿಲ್ಲ. ಅದು ಈ ಸುತ್ತುದಾರಿಗಳಿಂದ ಬಂದು ಸೇರುತ್ತದೆ, ಆದ್ದರಿಂದಲೇ ಕಣ್ಣುತಪ್ಪಿಸಿಕೊಳ್ಳುತ್ತದೆ.

ಈ ರೋಗದ ಗುಟ್ಟು ಬಯಲಾದದ್ದು ಹಸಿವಿನ ಕಾಲದಲ್ಲಿ. ಹಾಲೆಂಡಿನಲ್ಲಿ ಡಿಕ್ಕೆ ಎಂಬ ಮಕ್ಕಳ ವೈದ್ಯನಿದ್ದ. ಬ್ರೆಡ್ಡಿಗೂ ಈ ಮಕ್ಕಳ ಹೊಟ್ಟೆಗೂ ಏನೋ ವೈರವಿದೆಯೆಂದು ಆತನಿಗೆ 1930ರ ದಶಕದಿಂದಲೇ ಶಂಕೆ. 1944-45ರ ಚಳಿಗಾಲದಲ್ಲಿ ನಾಜಿಗಳ ಮುತ್ತಿಗೆಯಿಂದ ಆ ದೇಶದಲ್ಲಿ ಕ್ಷಾಮ ಬಿತ್ತು. ಗೋಧಿಯಿಲ್ಲ, ಬ್ರೆಡ್ಡಿಲ್ಲ. ಜನ ಹೂವಿನ ಗಡ್ಡೆ ಬೇಯಿಸಿ ತಿಂದರು, ಸಾವಿರಾರು ಮಂದಿ ಸತ್ತರು. ಆದರೆ ಸೀಲಿಯಾಕಿನ ಮಕ್ಕಳು ಮಾತ್ರ ಚೇತರಿಸಿಕೊಂಡರು! ವಿಮಾನಗಳಿಂದ ಬ್ರೆಡ್ಡು ಬಂದು ಬಿದ್ದಾಗ ಊರಿಗೆ ಊರೇ ಹಬ್ಬ ಮಾಡಿತು, ಆ ಮಕ್ಕಳು ಮತ್ತೆ ಹಾಸಿಗೆ ಹಿಡಿದರು. ಡಿಕ್ಕೆ ಇದನ್ನೆಲ್ಲ ತೂಕಮಾಡಿ, ಅಳತೆಮಾಡಿ, 1950ರಲ್ಲಿ ಪ್ರಬಂಧ ಬರೆದ. ಅಂದಿನಿಂದ ಇಂದಿನವರೆಗೆ ಈ ರೋಗಕ್ಕೆ ಇರುವ ಮದ್ದು ಒಂದೇ: ಗೋಧಿ, ಬಾರ್ಲಿ, ಅವುಗಳ ಜಾತಿಯ ಧಾನ್ಯಗಳನ್ನು ಜನ್ಮಪೂರ್ತಿ ಬಿಡುವುದು. ಬಿಟ್ಟರೆ ಕರುಳು ತಿಂಗಳುಗಳಲ್ಲಿ, ಕೆಲವರಿಗೆ ವರ್ಷಗಳಲ್ಲಿ, ಮತ್ತೆ ಗುಂಜು ಕಟ್ಟುತ್ತದೆ.

"ಇದು ಉತ್ತರ ಹಿಂದುಸ್ಥಾನದವರ ಕಾಯಿಲೆ, ನಮ್ಮದಲ್ಲ" ಎನ್ನುವ ವೈದ್ಯರಿದ್ದಾರೆ. ಅವರ ಮಾತಿಗೆ ಆಧಾರವಿಲ್ಲದಿಲ್ಲ. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ದೇಶದ ಮೂರು ಕಡೆ 23 ಸಾವಿರಕ್ಕೂ ಹೆಚ್ಚು ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿದ್ದರು. ಈ ರೋಗದ ಗುರುತು ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಬರೇ 0.10. ಅಂದರೆ ನಮ್ಮಲ್ಲಿ ಸಾವಿರಕ್ಕೊಬ್ಬರು. ಆದರೆ ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಈ ರೋಗಕ್ಕೆ ಎಡೆಮಾಡುವ ವಂಶಗುಣ ಉತ್ತರದಲ್ಲಿ ನೂರಕ್ಕೆ 38.1 ಜನರಲ್ಲಿ ಕಂಡಿತು, ದಕ್ಷಿಣದಲ್ಲಿ 36.4 ಜನರಲ್ಲಿ. ಹೆಚ್ಚುಕಡಿಮೆ ಸಮ! ಹಾಗಾದರೆ ವ್ಯತ್ಯಾಸವೆಲ್ಲಿ? ಊಟದ ತಾಟಿನಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಈಶಾನ್ಯದವರೂ ತಿನ್ನುತ್ತಿದ್ದದ್ದು 37 ಗ್ರಾಮೇ, ಅಲ್ಲಿ ರೋಗ ಯಾಕೆ ಅಷ್ಟಿದೆಯೆಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಊಟವೊಂದೇ ಎಲ್ಲವನ್ನೂ ಹೇಳುವುದಿಲ್ಲ. ಆದರೆ ಬೀಜ ನಮ್ಮ ಮೈಯಲ್ಲೂ ಇದೆಯೆಂಬುದು ನಿಶ್ಚಯ. ಇಷ್ಟು ಕಾಲ ನಮ್ಮ ಸೀಮೆಯ ಅದೆಷ್ಟೋ ಜನರನ್ನು ಕಾಪಾಡಿದ್ದು, ನಮ್ಮ ಮಟ್ಟಿಗೆ ಹೇಳುವುದಾದರೆ, ಎರಡು ಹೊತ್ತಿನ ಜೋಳದ ರೊಟ್ಟಿ.

ಆ ರೊಟ್ಟಿಯ ಗತಿ ಈಗ ಏನಾಗಿದೆ ನೋಡಿರಿ. ಮಗ್ಗದ ಮನೆಯಲ್ಲಿ ಹತ್ತು ಗಂಟೆಯ ಚಹಕ್ಕೆ ಐದು ರೂಪಾಯಿಯ ಬಿಸ್ಕೀಟು. ಬಸ್ ನಿಲ್ದಾಣದಲ್ಲಿ ಪರೋಟ, ಪಾವ್, ಮೈದಾದ ಪುರಿ. ಶಾಲೆಗೆ ಹೋಗುವ ಹುಡುಗನ ಡಬ್ಬಿಯಲ್ಲಿ ಚಪಾತಿ. ಬೆಳಿಗ್ಗೆ ರವೆಯ ಉಪ್ಪಿಟ್ಟು. ಜನರ ನಾಲಗೆ ಕೆಟ್ಟಿತೆಂದು ಬೈಯುವುದು ಸುಲಭ. ನಾವು ಬೈಯುವುದಿಲ್ಲ. ಎರಡು ಪಾಳಿ ದುಡಿದು ಬಂದ ಹೆಂಗಸಿಗೆ ಎಸರಿಟ್ಟು, ನಾದಿ, ಇಪ್ಪತ್ತು ರೊಟ್ಟಿ ಬಡಿಯೆಂದು ಹೇಳುವ ಹಕ್ಕು ಯಾವ ಗಂಡಸಿಗೂ ಇಲ್ಲ. ಕೆಟ್ಟದ್ದು ಆಳುವವರ ನೀತಿ. 1956ರಲ್ಲಿ ಅಮೆರಿಕದೊಡನೆ ಪಿ.ಎಲ್. 480ರ ಒಪ್ಪಂದ ಮಾಡಿಕೊಂಡು ಹಡಗಿನ ಗೋಧಿ ತಂದರು. ಆಮೇಲೆ ಹಸಿರು ಕ್ರಾಂತಿಯೆಂದು ಗೋಧಿ-ಭತ್ತಗಳಿಗೆ ನೀರು, ಗೊಬ್ಬರ, ಖಾತ್ರಿಯ ಖರೀದಿ ಎಲ್ಲವನ್ನೂ ಕೊಟ್ಟರು. ಒಣಬೇಸಾಯದ ಜೋಳ ಮಲತಾಯಿಯ ಮಗುವಾಯಿತು. 1960ರ ದಶಕದಲ್ಲಿ ದೇಶದಲ್ಲಿ ಸುಮಾರು 1.8 ಕೋಟಿ ಹೆಕ್ಟೇರಿನಲ್ಲಿ ಜೋಳವಿತ್ತು. ಈಗ 40 ಲಕ್ಷ ಹೆಕ್ಟೇರಿನ ಆಸುಪಾಸು. ಮರೋಳದ ಏತ ನೀರಾವರಿಯಿಂದ ಹುನಗುಂದ ಭಾಗದ ಸುಮಾರು 24 ಸಾವಿರ ಹೆಕ್ಟೇರಿಗೆ ಹನಿ ನೀರಿನ ಕೊಳವೆ ಹಾಕಿದ್ದಾರೆ. ನೀರು ಬರಲಿ, ರೈತನ ಕೈ ತುಂಬಲಿ. ಆದರೆ ಎರೆಹೊಲದ ಹಿಂಗಾರಿ ಜೋಳ ಅಲ್ಲಿ ಉಳಿದೀತೇ ಎಂದು ಕೇಳುವವರು ಯಾರೂ ಕಾಣುವುದಿಲ್ಲ.

ತಪ್ಪು ತಿಳಿಯಬೇಡಿರಿ. ಗೋಧಿ ವಿಷವಲ್ಲ. ಜಾತ್ರೆಯ ಹುಗ್ಗಿ, ಹಬ್ಬದ ಮಾದಲಿ, ಹೋಳಿಗೆ, ಇವನ್ನು ಬಿಡಿರೆಂದು ನಾವು ಹೇಳಿದರೆ ನಮ್ಮ ಮನೆಯಲ್ಲೇ ನಮಗೆ ಊಟ ಸಿಗಲಿಕ್ಕಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಜನರಿಗೆ ಗೋಧಿ ಒಳ್ಳೆಯ ಆಹಾರವೇ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ "ಗ್ಲುಟೆನ್ ರಹಿತ" ಎಂಬ ಚೀಟಿ ಅಂಟಿಸಿ ಬಿಸ್ಕೀಟನ್ನು ಮೂರು ಪಟ್ಟು ಬೆಲೆಗೆ ಮಾರುತ್ತಾರೆ, ರೋಗವಿಲ್ಲದ ಸಿರಿವಂತರು ಶೋಕಿಗಾಗಿ ಕೊಳ್ಳುತ್ತಾರೆ. ಆ ಶೋಕಿ ನಮಗೆ ಬೇಡ. ರೋಗವಿರುವ ಬಡವನಿಗೆ ಆ ಪೊಟ್ಟಣವೂ ಬೇಕಿಲ್ಲ. ಅವನಿಗೆ ಬೇಕಾದದ್ದು ಜೋಳ, ಸಜ್ಜೆ, ನವಣೆ, ರಾಗಿ, ಅಕ್ಕಿ, ಕಡಲೆಬೇಳೆ. ಎಲ್ಲವೂ ನಮ್ಮ ಸಂತೆಯ ಧಾನ್ಯಗಳು.

ಇಲ್ಲಿ ನಮ್ಮ ವ್ಯಾಪಾರಿ ಬಂಧುಗಳ ಪಾತ್ರ ದೊಡ್ಡದು. ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿದರೆ ಮೊದಲ ಸೇರಿನಲ್ಲಿ ಗೋಧಿಯ ಪುಡಿ ಬೆರೆತೇ ಬರುತ್ತದೆ. ಮಿಕ್ಕವರಿಗೆ ಅದು ಏನೂ ಅಲ್ಲ, ಸೀಲಿಯಾಕಿನವರಿಗೆ ಅಷ್ಟೇ ಸಾಕು. ಕಿಲೋಗೆ 20 ಮಿಲಿಗ್ರಾಮಿಗಿಂತ ಕಡಿಮೆ ಗ್ಲುಟೆನ್ ಇದ್ದರೆ ಮಾತ್ರ "ಗ್ಲುಟೆನ್ ರಹಿತ" ಎನ್ನಬೇಕೆಂದು ನಮ್ಮ ದೇಶದ ಆಹಾರ ನಿಯಮವೇ ಹೇಳುತ್ತದೆ. ಎಷ್ಟು ಚಿಟಿಕೆಯ ಮಾತು ಇದು! ಎರಡು ಕಲ್ಲು ಇರುವ ಗಿರಣಿಯವರು ಒಂದನ್ನು ಜೋಳ-ಸಜ್ಜೆಗೆಂದೇ ಮೀಸಲಿಟ್ಟರೆ ಖರ್ಚಿಲ್ಲದ ಉಪಕಾರ. ಒಂದೇ ಕಲ್ಲಿನವರು ವಾರದಲ್ಲಿ ಒಂದು ದಿನ, ಗಿರಣಿ ಝಾಡಿಸಿದ ಮೇಲೆ, ಮೊದಲು ಜೋಳವನ್ನೇ ಬೀಸಬಹುದು. ಕಿರಾಣಿಯವರು ತಿಳಿದಿರಬೇಕಾದ ಸಂಗತಿ ಇನ್ನೊಂದು: ಡಬ್ಬಿಯ ಇಂಗಿನಲ್ಲಿ ಬಹಳ ಸಲ ಗೋಧಿಹಿಟ್ಟು ಬೆರೆತಿರುತ್ತದೆ. ಜವೆಗೋಧಿ ಹಳೆಯ ಕಾಲದ್ದು, ಸಾತ್ವಿಕವಾದದ್ದು, ಅದನ್ನು ತಿನ್ನಬಹುದೆಂದು ಹೇಳಿ ಮಾರಬೇಡಿರಿ. ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಉಂಟು. ಶಕ್ತಿಗೆಂದು ಹಾಲಿಗೆ ಹಾಕುವ ಮಾಲ್ಟಿನ ಪುಡಿಗಳಲ್ಲಿ ಬಾರ್ಲಿ ಇರುತ್ತದೆ. ನಮ್ಮ ಜನರ ಪ್ರೀತಿಯ ರೀತಿಯನ್ನು ನೋಡಿರಿ: ಯಾರಾದರೂ ಸೊರಗಿದರೆಂದರೆ ನೆಂಟರು ಒಯ್ಯುವುದು ಬ್ರೆಡ್ಡು, ಬಿಸ್ಕೀಟು, ಮಾಲ್ಟಿನ ಡಬ್ಬಿ. ಸೀಲಿಯಾಕಿನವನಾದರೆ ಆ ಮೂರೂ ಅವನ ವೈರಿಗಳು.

ಸರಕಾರಕ್ಕೆ ನಾವು ಕೇಳುವುದು ಹೆಚ್ಚಿನದೇನಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅಕ್ಕಿ 3 ರೂಪಾಯಿ, ಗೋಧಿ 2 ರೂಪಾಯಿ, ಜೋಳದಂಥ ಧಾನ್ಯ 1 ರೂಪಾಯಿ ಎಂದು ಬರೆದಿತ್ತು. 2023ರಿಂದ ಅದೂ ಪುಕ್ಕಟೆ. ಕಾಯ್ದೆಯ ಪುಸ್ತಕದಲ್ಲಿ ಜೋಳವಿದೆ, ಪಡಿತರ ಅಂಗಡಿಯ ತಕ್ಕಡಿಯಲ್ಲಿ ಒಂದು ವರ್ಷ ಇದ್ದರೆ ಇನ್ನೊಂದು ವರ್ಷ ಇಲ್ಲ. ರೊಟ್ಟಿ ತಿನ್ನುವ ಜಿಲ್ಲೆಗಳಿಗೆ ವರ್ಷಪೂರ್ತಿ ಜೋಳ ಕೊಡಿರಿ, ಬೆಂಬಲ ಬೆಲೆಗೆ ಇಲ್ಲಿಯ ರೈತನಿಂದಲೇ ಕೊಂಡು ಇಲ್ಲಿಯೇ ಹಂಚಿರಿ. ಎರಡನೆಯದು, ಕಬ್ಬಿಣದ ಗುಳಿಗೆ ಎಷ್ಟು ಹಂಚಿದೆವೆಂದು ಲೆಕ್ಕ ಬರೆಯುವಲ್ಲಿ, ಯಾರ ರಕ್ತ ಏರಲಿಲ್ಲವೆಂದೂ ಒಂದು ಕಾಲಂ ಇರಲಿ. ಏರದವರ ರಕ್ತವನ್ನು ತಾಲೂಕು ದವಾಖಾನೆಯಲ್ಲೇ ತೆಗೆದು ಥೈರಾಯ್ಡಿಗೂ ಸೀಲಿಯಾಕಿಗೂ ಪುಕ್ಕಟೆ ಪರೀಕ್ಷೆಗೆ ಕಳಿಸಿರಿ. ಇ.ಎಸ್.ಐ. ಕಾರ್ಡಿರುವ ಗಿರಣಿ ಕಾಮಗಾರರು ಈ ಪರೀಕ್ಷೆಯನ್ನು ಹಕ್ಕಿನಿಂದ ಕೇಳಬೇಕು. ಮನೆಯಲ್ಲೇ ಮಗ್ಗ ಹಾಕಿದ ಇಳಕಲ್ಲಿನ ಸೀರೆಯವರು, ಗುಳೇದಗುಡ್ಡದ ಖಣದವರು ಬಹುಪಾಲು ಆ ಕಾರ್ಡಿನ ಹೊರಗೇ ಉಳಿದಿದ್ದಾರೆ. ಅವರ ಪಾಲಿಗೆ ತಾಲೂಕು ದವಾಖಾನೆಯೇ ಗತಿ.

ಪರೀಕ್ಷೆಯ ಹೆಸರನ್ನು ಬರೆದಿಟ್ಟುಕೊಳ್ಳಿರಿ: ಟಿಟಿಜಿ ಐಜಿಎ. ಅದರಲ್ಲಿ ರೋಗದ ಗುರುತು ಕಂಡರೆ ದೊಡ್ಡ ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿರಿ. ಈ ಲೇಖನ ಓದಿ ನಾಳೆಯಿಂದಲೇ ಗೋಧಿ ಬಿಟ್ಟು, ಮೂರು ತಿಂಗಳ ಮೇಲೆ ಪರೀಕ್ಷೆಗೆ ಹೋದರೆ ರೋಗವಿದ್ದರೂ ಅದು ಅಡಗಿ ಕುಳಿತಿರುತ್ತದೆ, ಕಾಗದದ ಮೇಲೆ "ಇಲ್ಲ" ಎಂದು ಬರುತ್ತದೆ. ಪರೀಕ್ಷೆ ಮುಗಿಯುವವರೆಗೆ ಎಂದಿನ ಊಟವನ್ನೇ ಉಣ್ಣಬೇಕು. ರೋಗ ಖಚಿತವಾದ ಮನೆಯಲ್ಲಿ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು, ರಕ್ತಸಂಬಂಧದಲ್ಲಿ ಇದು ಹೆಚ್ಚು.

ಮರೋಳದ ಆ ತಂಗಿಗೆ ಇರುವುದು ಸೀಲಿಯಾಕ್ ಎಂದು ನಾವು ಹೇಳಲಾರೆವು. ಸಾವಿರಕ್ಕೊಬ್ಬರ ಲೆಕ್ಕದಲ್ಲಿ ಅಲ್ಲದಿರುವ ಸಂಭವವೇ ಹೆಚ್ಚು. ಥೈರಾಯ್ಡ್ ಇರಬಹುದು, ಎಲ್ಲಿಯೋ ರಕ್ತ ಸೋರುತ್ತಿರಬಹುದು. ಆದರೆ ಮೂರು ಸಲ ಗುಳಿಗೆ ನುಂಗಿಯೂ ಏರದ ರಕ್ತಕ್ಕೆ ಕಾರಣವೊಂದು ಇದ್ದೇ ಇರಬೇಕು, ಅದನ್ನು ಹುಡುಕದೆ ನಾಲ್ಕನೆಯ ಪುಡಿಕೆ ಕೊಟ್ಟು ಕಳಿಸುವುದು ವೈದ್ಯವಲ್ಲ. ಬರುವ ಸೋಮವಾರ ತಮ್ಮ ಪಾಳಿ ಬಿಟ್ಟು ಅಕ್ಕನನ್ನು ಬಾಗಲಕೋಟೆಗೆ ಕರೆದೊಯ್ಯುತ್ತಾನೆ, ನಮ್ಮವರೊಬ್ಬರು ಜೊತೆಗಿರುತ್ತಾರೆ. ಮೂರೂ ಪರೀಕ್ಷೆಗಳ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದೇವೆ. "ಅಲ್ಲೀತನಕ ಚಪಾತಿ ಬಿಡಬ್ಯಾಡವ್ವಾ" ಎಂದು ಹೇಳಿದಾಗ ಆಕೆ ನಕ್ಕರು. ಆ ಮಧ್ಯಾಹ್ನ ಆಕೆ ನಕ್ಕದ್ದು ಅದೊಂದೇ ಸಲ.